ಏರಿಯ ಮೇಲಿನ ಊಟ

ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಲ್ಲಿಗೆ ಮೊಗ್ಗಿಗೆ ಬೇರೆಯದೇ ಒಂದು ವಾಸನೆ ಇರುತ್ತದೆ. ದೇವರ ಮುಂದೆ ಅರಳಿದ ಹೂವಿನ ಘಮ ಅಲ್ಲ ಅದು. ಹಸಿ ಬಟ್ಟೆಯ ಮುಗ್ಗಲು, ಬಾಳೆನಾರಿನ ಒಗರು, ಬೆಳಕು ಹರಿಯುವ ಮುಂಚಿನ ಮಣ್ಣಿನ ತಂಪು ಎಲ್ಲ ಅದರಲ್ಲಿ ಕಲೆತಿರುತ್ತದೆ. ಹೂವಿನಹಡಗಲಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಎಷ್ಟು ಹೇಳಿದರೂ ಮೂಗಿಗೆ ಮುಟ್ಟುವುದಿಲ್ಲ. ಹೋದ ವರ್ಷ ಮಳೆಗಾಲ ಮುಗಿಯುತ್ತ ಬಂದಾಗ, ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಬಂದು ಕೂತಳು. ತೊಡೆಯ ಮೇಲೆ ನೀರು ಜಿನುಗುವ ಗಂಟು. ಸೀರೆ ಒದ್ದೆಯಾದೀತೆಂದು ಸರಿದು ಕೂರಬೇಕಾದವಳು ನಾನು ಸರಿಯಲಿಲ್ಲ. ಊರು ಬರುವ ತನಕ ನಾನು ಬಸ್ಸಿನಲ್ಲಿ ಇರಲೇ ಇಲ್ಲ. ನಮ್ಮ ಅಜ್ಜಿಯ ಪಡಸಾಲೆಯಲ್ಲಿ, ಹೂವಿನ ರಾಶಿಯ ಮುಂದೆ, ಕಾಲು ಚಾಚಿಕೊಂಡು ಕೂತಿದ್ದೆ.

ನನ್ನ ನೆನಪಿನ ಬಗ್ಗೆ ನನಗೆ ಜಂಬ ಇತ್ತು. ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು, ಯಾವ ಎಮ್ಮೆ ಯಾವ ಹಬ್ಬದ ಹಿಂದುಮುಂದೆ ಈದಿತು ಎಂಬ ತಕರಾರು ನಮ್ಮ ಬಳಗದಲ್ಲಿ ಎದ್ದರೆ ಕೊನೆಗೆ ನನ್ನ ಹತ್ತಿರವೇ ಬರುತ್ತಿತ್ತು. ನಾನು ಕಣ್ಣು ಮುಚ್ಚಿ, ಸ್ವಲ್ಪ ಆಟ ಆಡಿಸಿ, ಆಮೇಲೆ ತೀರ್ಪು ಕೊಡುತ್ತಿದ್ದೆ. ಕೊಟ್ಟೂರಿನಲ್ಲಿ ನಮ್ಮ ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹೊತ್ತು ಹೋಗದಾಗ ಗಿರಾಕಿಗಳಿಗೂ ಹಳೆಯ ಕಥೆ ಹೇಳಿದ್ದೇನೆ. ಹೇಳಿದ ಕಥೆಗಳಲ್ಲೆಲ್ಲ ನನಗೆ ಬಹಳ ಪ್ರೀತಿಯದು ನಮ್ಮೂರ ಕೆರೆಯ ದಿನದ್ದು. ಊರಿನ ಹೆಸರು ಬರೆಯುವುದಿಲ್ಲ. ಹಡಗಲಿ ಕಡೆಯ ಇಟ್ಟಿಗಿಯಿಂದ ಆಚೆ, ಕೆಂಪು ಮಸಾರಿ ಹೊಲಗಳ ನಡುವೆ ಅಂದರೆ ಸಾಕು. ಬರೆಯಲು ನಾಚಿಕೆಯಾಗುತ್ತದೆ, ಅಷ್ಟೇ.

ನಮ್ಮದು ಹೂವಿನ ಮನೆ. ಹಿತ್ತಲ ಬಾಗಿಲು ತೆರೆದರೆ ಮಲ್ಲಿಗೆಯ ಹೊಲ, ಅದರಾಚೆ ಬಾವಿ, ಬಾವಿಯಾಚೆ ಜಾಲಿಯ ಬೇಲಿ. ನಸುಕಿನಲ್ಲಿ ಮೊಗ್ಗು ಬಿಡಿಸಿ, ಪಡಸಾಲೆಯಲ್ಲಿ ಸುರುವಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲ ಬಸ್ಸಿಗೆ ಹಾಕಬೇಕು. ಬಸ್ಸು ತಪ್ಪಿದರೆ ಮೊಗ್ಗು ಅರಳುತ್ತದೆ, ಅರಳಿದ ಹೂವಿಗೆ ಹೊಸಪೇಟೆಯಲ್ಲಿ ಮರ್ಯಾದೆ ಇಲ್ಲ. ಹೀಗಾಗಿ ನಮ್ಮ ಮನೆಯ ಹೆಂಗಸರು ಹೂವಿನ ರಾಶಿಯಲ್ಲೇ ಹುಟ್ಟಿ ಬೆಳೆದರೂ ತಲೆಗೆ ಹೂವು ಮುಡಿಯುತ್ತಿರಲಿಲ್ಲ. ಅದು ಮಾರುವ ಮಾಲು. ಅಜ್ಜಿ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಎತ್ತರದ ಹೆಂಗಸು, ಹಣೆ ತುಂಬ ವಿಭೂತಿ, ಮಾತು ಕಡಿಮೆ, ಕೈ ಮಾತ್ರ ಧಾರಾಳ. ಹಸಿದು ಬಂದವರನ್ನು ಹಾಗೇ ಕಳಿಸಿದ್ದು ನಾನು ನೋಡಿಲ್ಲ. ಅವಳ ಸೆರಗಿನಲ್ಲಿ ಮುಖ ಒರೆಸಿಕೊಂಡು ಬೆಳೆದವಳು ನಾನು, ಇವತ್ತಿಗೂ ಅವಳ ವಿಷಯ ಯಾರಾದರೂ ಎತ್ತಿದರೆ ನನ್ನ ದನಿ ಮೆತ್ತಗಾಗುತ್ತದೆ.

ಮೊಗ್ಗು ಬಿಡಿಸಲು ಬರುತ್ತಿದ್ದವಳು ದುರುಗವ್ವ. ಊರ ಹೊರಗಿನ ಕೇರಿಯಿಂದ, ಕೋಳಿ ಕೂಗುವ ಮುಂಚೆ, ಮಗಳು ರತ್ನಳನ್ನು ಕರೆದುಕೊಂಡು ಬರುತ್ತಿದ್ದಳು. ಕತ್ತಲಲ್ಲಿ ಅವರಿಬ್ಬರ ಬೆರಳಿನ ಸದ್ದು ಕೇಳುತ್ತಿತ್ತು, ಟಿಕ್ ಟಿಕ್ ಎಂದು, ಮಾತಿಲ್ಲದೆ. ರತ್ನ ನನ್ನ ವಾರಿಗೆಯವಳು, ಒಂದೇ ಸಾಲಿ, ಒಂದೇ ತರಗತಿ. ಬಿಡಿಸಿದ್ದಾದ ಮೇಲೆ ದುರುಗವ್ವ ಅಂಗಳದ ಕಟ್ಟೆಗೆ ಒರಗಿ ದಂಡೆ ಕಟ್ಟುತ್ತಿದ್ದಳು. ಅವಳು ಕಟ್ಟಿದ ದಂಡೆಯಲ್ಲಿ ಒಂದು ಮೊಗ್ಗೂ ತಲೆ ಓರೆ ಮಾಡುತ್ತಿರಲಿಲ್ಲ. ಅದು ದೇವರ ಕೋಣೆಗೆ ನೇರ ಹೋಗುತ್ತಿತ್ತು. ಅವಳು ಮಾತ್ರ ಪಡಸಾಲೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಅವಳ ಚಹಾದ ಲೋಟ ದನದ ಮನೆಯ ಗೋಡೆಯ ಗೂಡಿನಲ್ಲಿ ಬೋರಲಾಗಿ ಇರುತ್ತಿತ್ತು. ಇದನ್ನು ನಾನು ಮರೆತವಳಲ್ಲ. ಕಥೆ ಹೇಳುವಾಗ ಇದನ್ನೂ ಹೇಳುತ್ತಿದ್ದೆ, ಆ ಕಾಲವೇ ಹಾಗಿತ್ತು ಎಂದು ನಿಟ್ಟುಸಿರು ಬಿಡುತ್ತಿದ್ದೆ. ಬಿಟ್ಟ ಕೂಡಲೇ, "ಆದರೆ ಕೆರೆಯ ದಿನ ನೋಡಬೇಕಿತ್ತು ನೀವು" ಎಂದು ಶುರು ಮಾಡುತ್ತಿದ್ದೆ.

ಕೆರೆ ತುಂಬಿ ಕೋಡಿ ಬಿದ್ದ ವರ್ಷ ನಮ್ಮ ಮನೆಯವರೆಲ್ಲ ಗಂಗಮ್ಮನಿಗೆ ಉಡಿ ತುಂಬಲು ಹೋಗುತ್ತಿದ್ದೆವು. ಅಷ್ಟೊತ್ತಿಗೆ ಹೂವಿನ ಹಂಗಾಮು ಇಳಿದಿರುತ್ತಿತ್ತು. ಬಿಡಿಸಿದ ಅಷ್ಟಿಷ್ಟು ಮೊಗ್ಗನ್ನೂ ಅವತ್ತು ಬಸ್ಸಿಗೆ ಹಾಕುತ್ತಿರಲಿಲ್ಲ. ಅವ್ವ, ಚಿಗವ್ವಂದಿರು, ಸೋದರತ್ತೆ, ಎಲ್ಲರ ಹೆರಳಿಗೂ ದುರುಗವ್ವ ಕಟ್ಟಿದ ದಂಡೆ. ಹೂವು ಮುಡಿದ ಹೆಂಗಸರು ಬೇರೆಯವರೇ ಆಗಿಬಿಡುತ್ತಿದ್ದರು, ನಗು ಹೆಚ್ಚು, ನಡಿಗೆ ಹಗುರ. ಎರಡು ಚಕ್ಕಡಿಯಲ್ಲಿ ಬುತ್ತಿ ಹೇರಿಕೊಂಡು ಹೊರಟರೆ ಕೆರೆಯಲ್ಲಿ ಏನೇನು ಮಾಡಬೇಕು ಎಂಬುದಕ್ಕೆ ಅಜ್ಜಿಯದೊಂದು ಕ್ರಮ ಇತ್ತು. ಏರಿ ಹತ್ತಿದ ಕೂಡಲೇ ಯಾರೂ ಮಾತಾಡಬಾರದು, ಮೊದಲು ನೀರನ್ನು ಕಣ್ತುಂಬ ನೋಡಬೇಕು. ಆಮೇಲೆ ಪಾವಟಿಗೆ, ಅಂದರೆ ಕಲ್ಲುಮೆಟ್ಟಿಲು, ಇಳಿದು ನೀರನ್ನು ಕಣ್ಣಿಗೆ ಒತ್ತಿಕೊಳ್ಳಬೇಕು. ಮುತ್ತೈದೆಯರು ಮೊರದಲ್ಲಿ ಹಸಿರು ರವಿಕೆಯ ಕಣ, ಕಾಯಿ, ಎಲೆ ಅಡಿಕೆ ಇಟ್ಟು ಉಡಿ ತುಂಬಿ, ದಂಡೆಯನ್ನು ನೀರಿಗೆ ಬಿಡಬೇಕು. ಅದು ತೇಲಿ ನಡುಗೆರೆಯ ಕಡೆ ಹೋದರೆ ಒಳ್ಳೆಯದು, ದಡಕ್ಕೆ ಮರಳಿದರೆ ಅಜ್ಜಿ ಮೆಲ್ಲಗೆ ಕಟ್ಟಿಗೆಯಿಂದ ದೂಡಿ ಒಳ್ಳೆಯದನ್ನೇ ಮಾಡುತ್ತಿದ್ದಳು. ಆಮೇಲೆ ಹುಡುಗರಿಗೆ ಬಿಡುವು. ನೀರ ಮೇಲೆ ಹಂಚಿನ ಚೂರು ಪುಟಿಸುವುದು, ಮುಳುಗಿ ನಿಂತ ಜಾಲಿ ಮರಗಳ ಮೇಲಿನ ಕೊಕ್ಕರೆಗಳನ್ನು ಕೂಗಿ ಕರೆಯುವುದು, ತೂಬಿನ ಬಾಯಿಗೆ ಕಿವಿಯಿಟ್ಟು ನೀರಿನ ಗುಡುಗು ಕೇಳುವುದು.

ಕೊನೆಗೆ ಊಟ. ಏರಿಯ ಮೇಲೆ ಹುಣಸೆಮರದ ನೆರಳಿನಲ್ಲಿ ಸಾಲಾಗಿ ಮುತ್ತಲ ಎಲೆ. ಬಿಸಿ ಬುತ್ತಿ ಬಿದ್ದ ಕೂಡಲೇ ಎಲೆ ಮೆತ್ತಗಾಗಿ ಅನ್ನಕ್ಕೆ ಒಂಥರ ಕಾಡಿನ ರುಚಿ ಕೊಡುತ್ತಿತ್ತು. ಖಡಕ್ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಹೋಳಿಗೆ, ಮೊಸರನ್ನ. ಅವತ್ತು ತಾಟಿಲ್ಲ, ಲೋಟವಿಲ್ಲ, ದನದ ಮನೆಯ ಗೂಡಿಲ್ಲ. ಎಲ್ಲರಿಗೂ ಅದೇ ಎಲೆ, ದುರುಗವ್ವನಿಗೂ ರತ್ನಳಿಗೂ. ಇದೇ ನನ್ನ ಕಥೆಯ ಸಿಹಿ. "ಮನೆಯಲ್ಲಿ ಏನೇ ಇರಲಿ, ಕೆರೆಯ ಮೇಲೆ ಭೇದ ಇರಲಿಲ್ಲ ನೋಡ್ರಿ. ನಮ್ಮ ಅಜ್ಜಿ ಅಂಥಾಕಿ" ಎಂದು ಹೇಳಿ ನಾನು ಕೇಳುವವರ ಮುಖ ನೋಡುತ್ತಿದ್ದೆ. ಆ ಊಟದ ನೆನಪಿನಲ್ಲಿ ನನಗೆ ಅತಿ ಸ್ಪಷ್ಟವಾಗಿ ಕಾಣುತ್ತಿದ್ದದ್ದು ದುರುಗವ್ವನ ಮುಖ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಹುಬ್ಬಿನ ಮೇಲೆ ಕೈ ಇಟ್ಟು, ಮುಖ ಮೇಲೆತ್ತಿ ನಮ್ಮನ್ನು ನೋಡಿ ನಗುತ್ತಿದ್ದ ಮುಖ. ಎಷ್ಟು ಅಕ್ಕರೆ ಇತ್ತು ಅದರಲ್ಲಿ ಎಂದು ನಾನು ಎಷ್ಟೋ ಸಲ ನೆನೆದು ಕಣ್ಣೊರೆಸಿಕೊಂಡಿದ್ದೇನೆ.

ಆ ಮನೆ ಈಗ ಇಲ್ಲ. ಅಜ್ಜಿ ಹೋದಳು, ಮನೆ ಪಾಲಾಯಿತು. ಪಡಸಾಲೆಯ ನಡುವೆ ಗೋಡೆ ಎದ್ದಿತು, ಆಮೇಲೆ ಗೋಡೆಯೂ ಬಿತ್ತು. ಹೂವಿನ ಹೊಲದಲ್ಲಿ ಈಗ ಮೆಕ್ಕೆಜೋಳ. ಅವ್ವ, ಚಿಗವ್ವಂದಿರು ಒಬ್ಬೊಬ್ಬರಾಗಿ ಹೋದರು. ನಾನು ಕೊಟ್ಟೂರಿಗೆ ಸೊಸೆಯಾಗಿ ಬಂದವಳು, ತವರು ಎನ್ನುವುದಕ್ಕೆ ಹೋಗಿ ಕೂರುವ ಜಾಗ ಉಳಿಯಲಿಲ್ಲ. ಹಾಗಾದಾಗ ಮನುಷ್ಯರು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಮನೆಯನ್ನು ಬಾಯಲ್ಲಿ ಕಟ್ಟಿಕೊಂಡೆ. ದಿನದಿನಕ್ಕೆ ಆ ಮನೆ ಚೆಂದವಾಗುತ್ತ ಹೋಯಿತು.

ಬಸ್ಸು ಹಗರಿಬೊಮ್ಮನಹಳ್ಳಿಗೆ ಬಂದಿತು. ಹೂವಿನ ಹೆಂಗಸಿನ ಹಿಂದೆಯೇ ನಾನೂ ಇಳಿದೆ. ಬಸ್‌ಸ್ಟ್ಯಾಂಡಿನ ಹೊರಗೆ ಹಣ್ಣಿನ ಗಾಡಿಯ ಹತ್ತಿರ ಒಬ್ಬಳು ನಿಂತು ನನ್ನನ್ನೇ ನೋಡುತ್ತಿದ್ದಳು. ಬಿಳಿ ಕೂದಲು, ನೀಟಾದ ಕಾಟನ್ ಸೀರೆ, ಕನ್ನಡಕ. "ಗಿರಿಜಕ್ಕಾರಲ್ಲೇನ್ರಿ?" ಎಂದಳು. ದನಿ ಕೇಳಿದ ಮೇಲೆ ಮುಖ ಸಿಕ್ಕಿತು. ರತ್ನ. ನರ್ಸಾಗಿ ಊರೂರು ತಿರುಗಿ, ನಿವೃತ್ತಿಯಾಗಿ, ಇಲ್ಲೇ ಮನೆ ಕಟ್ಟಿಕೊಂಡಿದ್ದಾಳಂತೆ. ಮಗಳು ಸುಜಾತ ಕಾಲೇಜಿನಲ್ಲಿ ಪಾಠ ಹೇಳುತ್ತಾಳಂತೆ. ದುರುಗವ್ವ ಹೋಗಿ ಬಹಳ ವರ್ಷವಾಯಿತಂತೆ. ನಾನು ಅವಳ ಎರಡೂ ಕೈ ಹಿಡಿದುಕೊಂಡು ರಸ್ತೆಯಲ್ಲೇ ಅತ್ತುಬಿಟ್ಟೆ. ನನಗೆ ಅಳು ಬೇಗ. ಅವಳು ಅಳಲಿಲ್ಲ, ನನ್ನ ಚೀಲ ತೆಗೆದುಕೊಂಡು ಮನೆಗೆ ಕರೆದೊಯ್ದು ಮಂಡಕ್ಕಿ ಒಗ್ಗರಣೆ, ಚಹಾ ಕೊಟ್ಟಳು. ಗೋಡೆಯ ಮೇಲೆ ಬುದ್ಧನ ಚಿತ್ರ. ನಾನು ಅವಳ ಮನೆಯ ಸೋಫಾದ ಮೇಲೆ ಕೂತು ಚಹಾ ಕುಡಿದೆ, ಕುಡಿಯುವಾಗ ಒಳಗೊಳಗೇ ನನ್ನನ್ನು ನಾನು ಮೆಚ್ಚಿಕೊಂಡೆ. ಅದನ್ನೂ ಬರೆಯಬೇಕು, ಬರೆದೆ.

ಕೆರೆಗೆ ಹೋಗೋಣ ಎಂದವಳು ನಾನೇ. ಈ ವರ್ಷ ತುಂಬಿದೆ, ದೂರದೂರದಿಂದ ಜನ ನೋಡಲು ಬರುತ್ತಿದ್ದಾರೆ ಎಂದು ಕೇಳಿದ್ದೆ. "ಹಿಂದ ಏನೇನ್ ಮಾಡತಿದ್ವಿ, ಎಲ್ಲಾ ಮಾಡೋಣು ರತ್ನಾ. ಬುತ್ತಿ ನಾ ತರ್ತೀನಿ" ಎಂದೆ. ರತ್ನ ಚಹಾದ ಕಪ್ಪನ್ನು ಬಸಿಯಲ್ಲಿ ಒಂದು ಸುತ್ತು ತಿರುಗಿಸಿದಳು. ಆಮೇಲೆ, "ಆತು ಬರ್ರಿ ಅಕ್ಕಾರ. ನನಗೂ ಅಲ್ಲಿ ಒಂದು ಕೆಲಸ ಐತಿ" ಎಂದಳು. ಏನು ಕೆಲಸ ಎಂದು ನಾನು ಕೇಳಬಹುದಿತ್ತು. ನನ್ನದೇ ಸಂಭ್ರಮದಲ್ಲಿದ್ದೆ, ಕೇಳಲಿಲ್ಲ.

ಮುಂದಿನ ಭಾನುವಾರ ಸುಜಾತಳ ಕಾರಿನಲ್ಲಿ ಹೋದೆವು. ನಾನು ಹಿಂದಿನ ದಿನವೇ ರೊಟ್ಟಿ ತಟ್ಟಿಸಿದ್ದೆ, ಹೋಳಿಗೆ ಮಾಡಿದ್ದೆ, ಕೊಟ್ಟೂರು ಸಂತೆಯೆಲ್ಲ ಹುಡುಕಿ ಮುತ್ತಲ ಎಲೆ ತಂದಿದ್ದೆ. ಏರಿಯ ಮೇಲೆ ಈಗ ಕಲ್ಲು ಹಾಸಿದ ಹಾದಿ, ಕಬ್ಬಿಣದ ಕಂಬಿ, ಫೋಟೊ ತೆಗೆಸಿಕೊಳ್ಳಲು ಹೃದಯದ ಆಕಾರದ ಚೌಕಟ್ಟು. ಅದು ಬಿಟ್ಟರೆ ನೀರು ಅದೇ ನೀರು. ಅಷ್ಟಗಲಕ್ಕೆ ಆಕಾಶ ಬಿದ್ದುಕೊಂಡಿತ್ತು, ಮುಳುಗಿದ ಜಾಲಿ ಮರಗಳ ತಲೆಯ ಮೇಲೆ ಬಣ್ಣದ ಕೊಕ್ಕರೆಗಳು ರೆಕ್ಕೆ ಒಣಗಿಸುತ್ತಿದ್ದವು, ದೂರದಲ್ಲಿ ಗುಡ್ಡಗಳ ನೀಲಿ ಗೆರೆ. ಸುಜಾತ ಕಂಬಿಗೆ ಒರಗಿ, "ಆಂಟಿ, ಇಲ್ಲಿ ಬಂದ್ರ ಏನೇನ್ ಮಾಡಬೇಕು ಹೇಳ್ರಿ. ಅವ್ವ ಏನೂ ಹೇಳೋದಿಲ್ಲ" ಎಂದಳು.

ನನಗೆ ಅಷ್ಟು ಸಾಕಾಯಿತು. ಮೊದಲು ಮಾತಾಡದೆ ನೀರು ನೋಡಬೇಕು ಎಂದು ಹೇಳಿ, ಹೇಳುತ್ತಲೇ ಇದ್ದೆ. ಅಜ್ಜಿ ದಂಡೆ ದೂಡಿದ್ದು, ಚಿಗವ್ವ ಕಾಲು ಜಾರಿ ಮೊರದ ಸಮೇತ ನೀರಿಗೆ ಕೂತದ್ದು, ರತ್ನಳ ಹಂಚಿನ ಚೂರು ನನ್ನದಕ್ಕಿಂತ ದೂರ ಪುಟಿಯುತ್ತಿದ್ದದ್ದು. ರತ್ನ ಅದಕ್ಕೆ ನಕ್ಕಳು. ಒಂದು ಚೂರು ಹುಡುಕಿ ಪುಟಿಸಿಯೂ ತೋರಿಸಿದಳು, ಇವತ್ತಿಗೂ ನನ್ನನ್ನು ಸೋಲಿಸಿದಳು. ತೂಬಿನ ಹತ್ತಿರ ಹೋಗಿ ಮೂವರೂ ಬಗ್ಗಿ ಕಿವಿಯಿಟ್ಟೆವು. "ಊಟದ ಕಥಿ ಇನ್ನೂ ಐತಿ" ಎಂದು ನಾನು ಸುಜಾತಳಿಗೆ ಹೇಳಿದೆ. "ಎಲ್ಲಾರೂ ಒಂದ ಸಾಲು. ನಮ್ಮ ಅಜ್ಜಿ, ನಿಮ್ಮಜ್ಜಿ, ನಾನು, ನಿಮ್ಮವ್ವ. ಆ ಕಾಲದಾಗ ಯಾರ ಮನಿಯಾಗ ಇತ್ತು ಅದು?" ಸುಜಾತ ತಾಯಿಯ ಮುಖ ನೋಡಿದಳು. ರತ್ನ ಕೊಕ್ಕರೆ ನೋಡುತ್ತಿದ್ದಳು.

ಹುಣಸೆಮರ ಇನ್ನೂ ಇತ್ತು. ಅದರ ಬುಡದಲ್ಲಿ ನಾನು ಚಾಪೆ ಹಾಸಿ ಎಲೆ ಹಾಕಿದೆ, ನೀರು ಚಿಮುಕಿಸಿದೆ, ಹೋಳಿಗೆ ಬಡಿಸಿದೆ. "ಬಾ ರತ್ನಾ, ಕುಂದ್ರು" ಎಂದು ತಲೆ ಎತ್ತಿದರೆ ರತ್ನ ಇರಲಿಲ್ಲ. ಏರಿಯ ಹಿಂಬದಿಯಲ್ಲಿ, ಹೊಲಗಳ ಕಡೆಯ ಇಳಿಜಾರಿನಲ್ಲಿ, ನಮಗಿಂತ ಒಂದಾಳು ಕೆಳಗೆ ಒಂದು ಚಪ್ಪಟೆ ಕಲ್ಲಿದೆ. ಅದರ ಮೇಲೆ ಕಾಲು ಮಡಚಿ ಕೂತಿದ್ದಳು, ಬಿಸಿಲಿನಲ್ಲಿ. ನನಗೆ ತಮಾಷೆ ಅನ್ನಿಸಿತು. "ಅಲ್ಲೇನ್ ಮಾಡತಿ ಲೇ? ಮೊಸಳಿ ಬರ್ತಾವು ಅಂತ ಹೆದರಿದೇನು?" ಎಂದೆ. ಅವಳು ಮುಖ ಮೇಲೆತ್ತಿದಳು. ಬಿಸಿಲು ಕಣ್ಣಿಗೆ ಹೊಡೆದು, ಹುಬ್ಬಿನ ಮೇಲೆ ಕೈ ಇಟ್ಟುಕೊಂಡಳು.

"ಕಾಲು ತಾವ ಬಂದ್ವು ನೋಡ್ರಿ ಅಕ್ಕಾರ. ನಾನ ಬರಬೇಕಂತ ಬಂದಿಲ್ಲ" ಎಂದಳು. ಅವಳಿಗೇ ಸ್ವಲ್ಪ ನಾಚಿಕೆಯಾದಂತಿತ್ತು. "ನಾನೂ ನಮ್ಮವ್ವನೂ ಇಲ್ಲೇ ಅಲ್ರೀ ಕುಂದ್ರತಿದ್ದಿದ್ದು."

ಅವಳ ಮಾತಿಗಿಂತ ಮುಂಚೆ ಅವಳ ಮುಖ ನನಗೆ ತಿಳಿಸಿತ್ತು. ಅದೇ ಮುಖ. ಅದೇ ಕೈ, ಅದೇ ಕಿರಿದು ಮಾಡಿದ ಕಣ್ಣು. ಇಷ್ಟು ವರ್ಷ ನಾನು ಅಕ್ಕರೆ ಎಂದು ಕಣ್ಣೊರೆಸಿಕೊಂಡದ್ದು ಇದಕ್ಕೆ. ದುರುಗವ್ವ ಮುಖ ಮೇಲೆತ್ತಿದ್ದು ನಾವು ಮೇಲಿದ್ದೆವು ಎಂದು, ಹುಬ್ಬಿನ ಮೇಲೆ ಕೈ ಇಟ್ಟದ್ದು ನೆರಳು ನಮಗಿತ್ತು ಎಂದು. ನನ್ನ ನೆನಪು ಸುಳ್ಳು ಹೇಳಿರಲಿಲ್ಲ, ಎಲ್ಲವನ್ನೂ ಇದ್ದ ಹಾಗೇ ಇಟ್ಟುಕೊಂಡಿತ್ತು. ಅದನ್ನು ಓದಿಕೊಂಡವಳು ನಾನು. ಕೈಯಲ್ಲಿದ್ದ ಸೌಟು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತೆ. ಸಾಲು ಎಂದೆನಲ್ಲ ಸುಜಾತಳಿಗೆ, ಒಂದೇ ಸಾಲು ಎಂದು. ಯಾರ ಮುಂದೆ ಏನು ಹೇಳಿಬಿಟ್ಟೆ.

"ಅಜ್ಜಿ ಕೆಟ್ಟೋರಲ್ಲ ಅಕ್ಕಾರ" ಎಂದಳು ರತ್ನ. ನನ್ನ ಮುಖ ನೋಡಿ ಅವಳಿಗೆ ಕನಿಕರ ಬಂದಿರಬೇಕು. ಅದು ಇನ್ನೂ ಸುಟ್ಟಿತು. "ಹೋಳಿಗಿ ತುಪ್ಪ ಎಲ್ಲಾರಿಗೂ ಒಂದ ಸಮ ಹಾಕತಿದ್ರು. ನಮ್ಮವ್ವಗ ಒಂದು ಹೆಚ್ಚಿಗೀನ ಹಾಕತಿದ್ರು. ಮ್ಯಾಲಿಂದ ಹಾಕತಿದ್ರು, ಅಷ್ಟ. ಒಮ್ಮೊಮ್ಮಿ ಎಲಿಯೊಳಗ ಬೀಳತಿತ್ತು, ಒಮ್ಮೊಮ್ಮಿ ಮಣ್ಣಾಗ. ನೀರಡಿಕಿ ಆದ್ರ ನಾವು ತೂಬಿನ ಕೆಳಗಿನ ಕಾಲಿವಿಗಿ ಹೋಗತಿದ್ವಿ." ಇದನ್ನೆಲ್ಲ ಅವಳು ಆಸ್ಪತ್ರೆಯಲ್ಲಿ ರೋಗಿಯ ಮನೆಯವರಿಗೆ ಹೇಳುವ ದನಿಯಲ್ಲಿ ಹೇಳಿದಳು, ಹೆಚ್ಚಿಲ್ಲ, ಕಡಿಮೆ ಇಲ್ಲ.

"ಅವ್ವಾ, ಎದ್ದು ಮ್ಯಾಲ ಬಾ" ಎಂದಳು ಸುಜಾತ. ಅವಳು ನನ್ನ ಕಡೆ ನೋಡಲಿಲ್ಲ.

ಏನಾದರೂ ಮಾಡಬೇಕು ಅನ್ನಿಸಿತು ನನಗೆ. ಕೈಗೆ ಸಿಕ್ಕ ಎಲೆಯನ್ನು ಹೋಳಿಗೆಯ ಸಮೇತ ಎತ್ತಿಕೊಂಡು, ಮಂಡಿ ನೋವನ್ನೂ ಲೆಕ್ಕಿಸದೆ, ಇಳಿಜಾರಿಗೆ ಕಾಲು ಹಾಕಿದೆ. ಅವಳ ಪಕ್ಕ ಆ ಕಲ್ಲಿನ ಮೇಲೆ ಕೂತು ಉಣ್ಣುತ್ತೇನೆ, ಆಗ ಎಲ್ಲ ಸರಿಹೋಗುತ್ತದೆ ಎಂದಿತ್ತು ಕಾಣುತ್ತದೆ ನನ್ನ ತಲೆಯಲ್ಲಿ. ಎಷ್ಟು ಬೇಗ ಸರಿಮಾಡಿಕೊಳ್ಳುವ ಆತುರ ನೋಡಿ. ರತ್ನ ಕೈ ಅಡ್ಡ ಹಿಡಿದಳು. ಬೈಯುವ ಹಾಗೆ ಅಲ್ಲ, ಮಗುವನ್ನು ಒಲೆಯಿಂದ ದೂರ ಇಡುವ ಹಾಗೆ.

"ಬ್ಯಾಡ್ರಿ ಅಕ್ಕಾರ. ಇಲ್ಲಿ ಕುಂದ್ರಬ್ಯಾಡ್ರಿ. ಇದು ನಮ್ಮವ್ವನ ಜಾಗ."

ನಾನು ಎಲೆ ಹಿಡಿದುಕೊಂಡು ಅಲ್ಲೇ ನಿಂತೆ. ಅವಳೇ ಎದ್ದಳು, ನನ್ನ ತೋಳು ಹಿಡಿದು ಮೇಲೆ ಹತ್ತಿಸಿದಳು, ಚಾಪೆಯ ಮೇಲೆ ನನ್ನ ಎದುರಿಗೆ ಕೂತಳು. ಅಕ್ಕಾರ, ಅಕ್ಕಾರ ಎನ್ನುತ್ತಾಳಲ್ಲ, ಆಗ ಹೊಳೆಯಿತು ನನಗೆ, ರತ್ನ ನನಗಿಂತ ಕೆಲವು ತಿಂಗಳು ದೊಡ್ಡವಳು. ಸಾಲಿಯಲ್ಲಿ ಒಂದೇ ತರಗತಿಯಲ್ಲಿದ್ದಾಗಲೂ ಅವಳು ನನಗೆ ಬಹುವಚನ, ನಾನು ಅವಳಿಗೆ ಏಕವಚನ. ಬಸ್‌ಸ್ಟ್ಯಾಂಡಿನಲ್ಲಿ ಕೈ ಹಿಡಿದು ಅಳುವಾಗಲೂ ಲೇ ಎಂದೇ ಅತ್ತಿದ್ದೆ. "ನನ್ನ ಗಿರಿಜಾ ಅನ್ನು ರತ್ನಾ" ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಅದೂ ನಾನು ಕೊಡುವ ದಾನದ ಹಾಗೆ ಕೇಳಿಸೀತು ಎಂದು ಭಯವಾಯಿತು.

ಊಟ ಮಾಡಿದೆವು. ರತ್ನ ಎಣ್ಣೆಗಾಯಿ ಚೆನ್ನಾಗಿದೆ ಎಂದಳು, ಎರಡನೆಯ ಸಲ ಹಾಕಿಸಿಕೊಂಡಳು. ಸುಜಾತ ತಾನು ತಂದ ಮಿರ್ಚಿಯನ್ನು ನನಗೂ ಕೊಟ್ಟಳು. ನನ್ನ ಬಾಯಿಗೆ ರುಚಿ ತಿಳಿಯಲಿಲ್ಲ, ಆದರೂ ತಿಂದೆ, ಬಿಟ್ಟರೆ ಅದಕ್ಕೂ ಒಂದು ಅರ್ಥ ಬರುತ್ತಿತ್ತು. ಅಜ್ಜಿಯ ಮುಖ ಕಣ್ಣ ಮುಂದೆ ಬರುತ್ತಿತ್ತು, ವಿಭೂತಿ ಹಚ್ಚಿದ ಆ ಶಾಂತ ಮುಖ, ಕೈಯಲ್ಲಿ ಹೋಳಿಗೆ, ಸೊಂಟ ಬಗ್ಗಿಸದೆ ಕೈ ಮಾತ್ರ ಚಾಚಿ ಬಿಡುವ ಭಂಗಿ. ಅವಳ ಮೇಲಿನ ಪ್ರೀತಿ ಹೋಗಲಿ ಎಂದು ಕಾದೆ. ಹೋಗಲಿಲ್ಲ. ನಾಚಿಕೆಯೂ ಹೋಗಲಿಲ್ಲ. ಎರಡನ್ನೂ ಇಟ್ಟುಕೊಂಡು ಹೇಗೆ ಬದುಕಬೇಕೆಂದು ಈ ವಯಸ್ಸಿನಲ್ಲಿ ಯಾರನ್ನು ಕೇಳುವುದು?

ರತ್ನ ಎದ್ದು ಕೈ ತೊಳೆದುಕೊಂಡಳು. "ಕೆಲಸ ಐತಿ ಅಂದಿದ್ದೆ ಅಲ್ರೀ" ಎಂದಳು. "ಆ ಪಾವಟಿಗಿ ಇಳೀಬೇಕಾಗಿತ್ತು ನನಗ. ಪೂಜಿ ಗೀಜಿ ಏನಿಲ್ಲ, ನಾವು ಅದನ್ನ ಬಿಟ್ಟೀವಿ. ಸುಮ್ನ ಇಳೀಬೇಕು. ನಮ್ಮವ್ವ ಕಟ್ಟಿದ ದಂಡಿ ಕೆರಿ ತುಂಬಿದಾಗೆಲ್ಲಾ ಅಲ್ಲಿ ಇಳಿದ್ವು. ಅವ್ವ ಇಳೀಲಿಲ್ಲ." ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು, ಕಂಬಿಯ ಸಂದಿಯಿಂದ ಪಾವಟಿಗೆಗಳ ಕಡೆ ಹೋದಳು. ನಾನೂ ಬರಲೇ ಎಂದು ಕೇಳಲು ಧೈರ್ಯವಾಗಲಿಲ್ಲ. ಪಾಚಿ ಇದ್ದೀತು, ಜಾರೀತು ಎಂದು ಕೂಗಬೇಕೆನಿಸಿತು. ಅವಳು ಒಂದೊಂದೇ ಕಲ್ಲು ಇಳಿದು, ನೀರು ಮೊಣಕಾಲಿಗೆ ಬರುವ ತನಕ ಹೋಗಿ, ಅಲ್ಲಿ ನಿಂತಳು. ಬೆನ್ನು ನಮ್ಮ ಕಡೆ ಇತ್ತು.

ಸುಜಾತ ತನ್ನ ಎಲೆ, ತಾಯಿಯ ಎಲೆ ಎರಡನ್ನೂ ಮಡಚಿ ಒಂದು ಕವರಿನೊಳಗೆ ಹಾಕಿಕೊಂಡಳು. ನನ್ನ ಎಲೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಕವರು ಹಿಡಿದುಕೊಂಡು ಕಾರಿನ ಕಡೆ ನಡೆದಳು. ಸಿಟ್ಟಿನಿಂದ ಹೋದಳು ಎನ್ನಲಾರೆ. ಅವಳ ಎಲೆ ಅವಳು ತೆಗೆದಳು, ಅವಳ ತಾಯಿಯದು ತೆಗೆದಳು, ಅಷ್ಟೇ. ಚಾಪೆಯ ಮೇಲೆ ನಾನು ಉಂಡ ಎಲೆ ಒಂದೇ ಉಳಿಯಿತು, ಗಾಳಿಗೆ ಅಂಚು ಅಲುಗುತ್ತಿತ್ತು, ಇರುವೆ ಹತ್ತತೊಡಗಿದ್ದವು. ನಾನು ಕೂತೇ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯಿತು, ಯಾರಾದರೂ ಬಂದು ಅದನ್ನು ತೆಗೆಯಲಿ ಎಂದು ಕಾಯುತ್ತಿದ್ದೇನೆ.

ಹಿಂದೆ ಇದನ್ನು ಯಾರು ಮಾಡುತ್ತಿದ್ದರು? ನೆನಪು ಮಾಡಿಕೊಂಡೆ. ಯಾವ ಚಿಗವ್ವ ಎಷ್ಟು ಹೋಳಿಗೆ ತಿಂದಳು ಎಂಬುದು ಕೂಡ ಬಂತು, ಇದು ಬರಲಿಲ್ಲ. ಉಂಡು ಎದ್ದು, ಕೈ ತೊಳೆಯಲು ನೀರಿನ ಕಡೆ ಓಡುತ್ತಿದ್ದೆವು. ಆಟ ಆಡಿ ಮರದ ಕೆಳಗೆ ಮರಳಿ ಬಂದರೆ ನೆಲ ಚೊಕ್ಕಟವಾಗಿ, ಸೆಗಣಿಯಲ್ಲಿ ಸಾರಿಸಿ, ಒದ್ದೆಯಾಗಿರುತ್ತಿತ್ತು. ಅಷ್ಟು ಜನರ ಅಷ್ಟು ಎಲೆ ಎಲ್ಲಿ ಹೋದವು ಎಂದು ಒಂದು ಸಲವೂ ನಾನು ಕೇಳಿರಲಿಲ್ಲ. ಈಗ ಕೇಳಲು ಅಜ್ಜಿ ಇಲ್ಲ, ಅವ್ವ ಇಲ್ಲ, ತೆಗೆದ ದುರುಗವ್ವ ಇಲ್ಲ.

ನಾನು ಎಲೆ ಮಡಚಿ ಕೈಯಲ್ಲಿ ಹಿಡಿದು ಎದ್ದೆ. ಈ ಕೆರೆಗೆ ಬಂದರೆ ಏನೇನು ಮಾಡಬೇಕೆಂದು ಅಷ್ಟು ಹೊತ್ತು ಪಾಠ ಹೇಳಿದವಳಿಗೆ ಇದೊಂದು ಗೊತ್ತಿರಲಿಲ್ಲ. ಕಂಬಿಯ ಹತ್ತಿರ ಹೋಗಿ, "ರತ್ನಾ, ಎಲಿ ಎಲ್ಲಿ ಚೆಲ್ಲತಿದ್ರಿ ನೀವು?" ಎಂದು ಕೇಳಿದೆ. ಚೆಲ್ಲತಿದ್ರಿ ಎಂದು ಬಹುವಚನ ತಾನಾಗಿಯೇ ಬಂದಿತ್ತು.

ರತ್ನ ನೀರಿನಲ್ಲಿ ನಿಂತೇ ಇದ್ದಳು. ತಿರುಗಿ ನೋಡಲಿಲ್ಲ. ಒದ್ದೆ ಕೈ ಎತ್ತಿ ಏರಿಯ ಹಿಂಬದಿಗೆ, ಆ ಚಪ್ಪಟೆ ಕಲ್ಲಿಗಿಂತಲೂ ಕೆಳಗೆ, ಮುಳ್ಳುಕಂಟಿ ಬೆಳೆದ ತಗ್ಗಿನ ಕಡೆ ತೋರಿಸಿದಳು. ನಾನು ಎಂಜಲೆಲೆ ಹಿಡಿದುಕೊಂಡು ಇಳಿಯತೊಡಗಿದೆ, ಮೇಲಿನಿಂದ ಕಂಡದ್ದಕ್ಕಿಂತ ಇಳಿಜಾರು ಬಹಳ ಕಡಿದಾಗಿತ್ತು.